ಒಂದೇ ಪಂಕ್ತಿಯ ಅನ್ನ: ಕುಂಭೋಜದ ಕರ್ಮವೀರ ಭಾವುರಾವ ಪಾಟೀಲ

ಕುರುಂದವಾಡ: ಕೃಷ್ಣಾ ಮತ್ತು ಪಂಚಗಂಗಾ ನದಿಗಳ ಈ ಸೀಮೆಯಲ್ಲಿ ಕರ್ಮವೀರ ಭಾವುರಾವ ಪಾಟೀಲರ ಹೆಸರು ಕೇಳದವರು ವಿರಳ. ಶಾಲೆಗಳ ಗೋಡೆಯ ಮೇಲೆ ಅವರ ಭಾವಚಿತ್ರವಿದೆ. ಬಿಳಿ ಗಡ್ಡ, ಖಾದಿ ಬಟ್ಟೆ, ಹೆಗಲ ಮೇಲೆ ಕಂಬಳಿ. ಚಿತ್ರ ಎಲ್ಲರಿಗೂ ಗೊತ್ತು. ಆದರೆ ಆ ಮನುಷ್ಯ ವಿದ್ಯಾರ್ಥಿಯಾಗಿದ್ದಾಗ ಕೊಲ್ಹಾಪುರದ ಒಂದು ಬೋರ್ಡಿಂಗಿನಿಂದ ಹೊರಬಿದ್ದವರು, ಅರಮನೆಯ ಅನ್ನ ಉಂಡು ಅದೇ ಸಂಸ್ಥಾನದ ಜೈಲನ್ನೂ ಕಂಡವರು ಎಂಬುದು ಹೊಸ ತಲೆಮಾರಿನ ಅನೇಕರಿಗೆ ತಿಳಿದಿಲ್ಲ. ಈ ಕಥೆಯಲ್ಲಿ ಕುರುಂದವಾಡದ ಒಬ್ಬ ಮಗನೂ ಇದ್ದಾರೆ. ಅವರು ದಿವಾನ್ ಬಹಾದ್ದೂರ್ ಅಣ್ಣಾ ಬಾಬಾಜಿ ಲಠ್ಠೆ.

ಗಡಿನಾಡಿನ ಮನೆತನ

ಭಾವುರಾವ ಪಾಟೀಲರು ಹುಟ್ಟಿದ್ದು 1887ರ ಸೆಪ್ಟೆಂಬರ್ 22ರಂದು, ಹಾತಕಣಂಗಲೆ ತಾಲೂಕಿನ ಕುಂಭೋಜದಲ್ಲಿ. ಬಾಹುಬಲಿ ಬೆಟ್ಟದ ಪಕ್ಕದ ಈ ಊರು ಅವರ ತಾಯಿಯ ತವರು. ತಂದೆ ಪಾಯಗೊಂಡ ಪಾಟೀಲ, ತಾಯಿ ಗಂಗಾಬಾಯಿ. ತಂದೆಯ ಸ್ವಂತ ಊರು ಇಂದಿನ ಸಾಂಗಲಿ ಜಿಲ್ಲೆಯ ವಾಳವಾ ತಾಲೂಕಿನ ಐತವಡೆ ಬುದ್ರುಕ. ಮನೆತನ ಜೈನರದು, ವೃತ್ತಿ ಒಕ್ಕಲುತನ. ಇವರ ಪೂರ್ವಜರು ದಕ್ಷಿಣ ಕನ್ನಡದ ಮೂಡಬಿದಿರೆಯ ಕಡೆಯಿಂದ ಬಂದು ನೆಲೆಸಿದವರು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಪಾಯಗೊಂಡ ಎಂಬ ಹೆಸರಿನಲ್ಲಿಯೇ ಕನ್ನಡದ ಗೌಡನ ಛಾಯೆ ಇದೆ. ಇಂತಹ ಹೆಸರುಗಳು ಶಿರೋಳ, ಹಾತಕಣಂಗಲೆ, ಚಿಕ್ಕೋಡಿ ಭಾಗದ ಜೈನ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತವೆ.

ತಂದೆಗೆ ಸರಕಾರಿ ಕಾರಕೂನಿಕೆ ಇತ್ತು. ವರ್ಗವಾದಂತೆಲ್ಲ ಮನೆ ಊರು ಬದಲಿಸಿತು, ಮಗನ ಶಾಲೆಯೂ ಬದಲಾಯಿತು. ಓದಿನಲ್ಲಿ ಭಾವುರಾವ ಜಾಣರೇನೂ ಆಗಿರಲಿಲ್ಲ. ಕುಸ್ತಿ, ಈಜು, ಗೆಳೆಯರ ಗುಂಪು ಇವುಗಳಲ್ಲಿಯೇ ಹೆಚ್ಚು ಆಸಕ್ತಿ. ಆದರೆ ಅನ್ಯಾಯ ಕಂಡರೆ ಸುಮ್ಮನಿರುವ ಸ್ವಭಾವ ಇರಲಿಲ್ಲ. ದಲಿತರಿಗೆ ನೀರು ಸೇದಲು ಬಿಡದ ಬಾವಿಯ ರಾಟೆಯನ್ನೇ ಹುಡುಗನಿದ್ದಾಗ ಅವರು ಮುರಿದು ಹಾಕಿದರೆಂಬ ಕಥೆ ಆ ಭಾಗದಲ್ಲಿ ಮನೆಮಾತು.

ಸ್ನಾನ ಮಾಡಲು ಒಲ್ಲದ ಹುಡುಗ

ಮುಂದಿನ ಓದಿಗೆ ಭಾವುರಾವ ಕೊಲ್ಹಾಪುರಕ್ಕೆ ಬಂದು ರಾಜಾರಾಮ ಹೈಸ್ಕೂಲು ಸೇರಿದರು. ವಾಸ ಜೈನ ಬೋರ್ಡಿಂಗಿನಲ್ಲಿ. ಆಗ ಕೊಲ್ಹಾಪುರ ಛತ್ರಪತಿ ಶಾಹು ಮಹಾರಾಜರ ಆಳ್ವಿಕೆಯಲ್ಲಿತ್ತು. ಹಿಂದುಳಿದ ಜನರಿಗೆ ಸಂಸ್ಥಾನದ ನೌಕರಿಯಲ್ಲಿ ಅರ್ಧ ಪಾಲು ಮೀಸಲಿಡುವ ಆಜ್ಞೆಯನ್ನು ಮಹಾರಾಜರು 1902ರಲ್ಲಿಯೇ ಹೊರಡಿಸಿದ್ದರು. ಆದರೆ ನೌಕರಿ ಸಿಗಬೇಕಾದರೆ ಓದಿರಬೇಕು. ಓದಬೇಕಾದರೆ ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಇರಲು ಜಾಗ ಬೇಕು, ಎರಡು ಹೊತ್ತಿನ ಊಟ ಬೇಕು. ಅದಕ್ಕಾಗಿ ಮರಾಠರು, ಜೈನರು, ಲಿಂಗಾಯತರು, ಮುಸಲ್ಮಾನರು ಹೀಗೆ ಒಂದೊಂದು ಸಮಾಜಕ್ಕೂ ಒಂದೊಂದು ಬೋರ್ಡಿಂಗ್ ತೆರೆಯಲು ಮಹಾರಾಜರು ನೆರವಾದರು. ಜಾತಿಗೊಂದು ಬೋರ್ಡಿಂಗ್ ಎಂಬುದು ಇಂದು ಸರಿ ಎನಿಸದಿರಬಹುದು. ಆದರೆ ಒಬ್ಬರ ಪಂಕ್ತಿಯಲ್ಲಿ ಇನ್ನೊಬ್ಬರು ಕೂಡದ ಆ ಕಾಲದಲ್ಲಿ ಹಳ್ಳಿಯ ಮಕ್ಕಳನ್ನು ಶಾಲೆಗೆ ತರಲು ಅದೇ ದಾರಿಯಾಗಿತ್ತು.

ಜೈನ ಬೋರ್ಡಿಂಗಿನ ಉಸ್ತುವಾರಿ ಲಠ್ಠೆ ಅವರ ಕೈಯಲ್ಲಿತ್ತು. 1878ರಲ್ಲಿ ಹುಟ್ಟಿದ ಲಠ್ಠೆ ರಾಜಾರಾಮ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯನ್ನು ಕಟ್ಟಿದವರಲ್ಲಿ ಒಬ್ಬರು, ಬ್ರಾಹ್ಮಣೇತರ ಚಳವಳಿಯ ದೊಡ್ಡ ಹೆಸರು. ಸುಧಾರಕರೇ ಆದರೂ ಬೋರ್ಡಿಂಗಿನ ಕಟ್ಟುಪಾಡಿನ ವಿಷಯದಲ್ಲಿ ಬಿಗಿ ಮನುಷ್ಯ.

1908ರಲ್ಲಿ ಕೊಲ್ಹಾಪುರದಲ್ಲಿ ಅಸ್ಪೃಶ್ಯರೆನಿಸಿಕೊಂಡ ಮಕ್ಕಳಿಗಾಗಿ ಒಂದು ವಸತಿಗೃಹ ಆರಂಭವಾಯಿತು. ಮುಂಬಯಿ ಗವರ್ನರರ ಮಗಳ ಹೆಸರಿನಲ್ಲಿ ಅದಕ್ಕೆ ಮಿಸ್ ಕ್ಲಾರ್ಕ್ ಹಾಸ್ಟೆಲ್ ಎಂದು ಕರೆದರು. ಅದರ ಸಮಾರಂಭಕ್ಕೆ ಭಾವುರಾವ ಹೋಗಿ ಬಂದರು. ಅಲ್ಲಿಂದ ಬಂದವನು ಸ್ನಾನ ಮಾಡಿ ಮಡಿಯಾದ ಮೇಲೆಯೇ ಊಟದ ಮನೆಗೆ ಬರಬೇಕು ಎಂದು ಬೋರ್ಡಿಂಗಿನಲ್ಲಿ ತಾಕೀತಾಯಿತು. ಭಾವುರಾವ ಒಪ್ಪಲಿಲ್ಲ. ಮನುಷ್ಯರ ನಡುವೆ ಕುಳಿತು ಬಂದದ್ದಕ್ಕೆ ಮೈ ತೊಳೆಯುವುದು ಏಕೆ ಎಂಬುದು ಅವರ ನಿಲುವು. ಕೊನೆಗೆ ಬೋರ್ಡಿಂಗಿನಿಂದ ಹೊರಗೆ ಬೀಳಬೇಕಾಯಿತು.

ಬೀದಿಗೆ ಬಿದ್ದ ಹುಡುಗನಿಗೆ ಆಸರೆ ಕೊಟ್ಟವರು ಶಾಹು ಮಹಾರಾಜರು. ಅರಮನೆಯ ಆಶ್ರಯದಲ್ಲಿ ಭಾವುರಾವ ಕೆಲ ಕಾಲ ಇದ್ದರು. ಮಹಾರಾಜರು ಜನಸಾಮಾನ್ಯರನ್ನು ಹೇಗೆ ಕಾಣುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿದರು. ಆದರೆ ಓದು ಮುಂದೆ ಸಾಗಲಿಲ್ಲ. ಮೆಟ್ರಿಕ್ ಮುಗಿಸದೆಯೇ ಶಾಲೆ ಬಿಟ್ಟರು.

ಡಾಂಬರು ಪ್ರಕರಣ

1914ರಲ್ಲಿ ಕೊಲ್ಹಾಪುರದಲ್ಲಿದ್ದ ಬ್ರಿಟಿಷ್ ಅರಸೊತ್ತಿಗೆಯ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಸಂಸ್ಥಾನದಲ್ಲಿ ದೊಡ್ಡ ಗದ್ದಲವೆದ್ದಿತು. ಸಂಶಯ ಲಠ್ಠೆ ಅವರ ಮೇಲೆ ತಿರುಗಿತು. ಅಷ್ಟರಲ್ಲಿ ಲಠ್ಠೆ ಮತ್ತು ದರಬಾರಿನ ನಡುವೆ ಮನಸ್ತಾಪ ಬೆಳೆದಿತ್ತು. ಲಠ್ಠೆ ವಿರುದ್ಧ ಸಾಕ್ಷಿ ಹೇಳುವಂತೆ ಪೊಲೀಸರು ಭಾವುರಾವ ಅವರನ್ನು ಹಿಡಿದರು.

ಭಾವುರಾವ ಅವರ ಸ್ಥಿತಿಯನ್ನು ಒಮ್ಮೆ ಯೋಚಿಸಬೇಕು. ತನ್ನನ್ನು ಬೋರ್ಡಿಂಗಿನಿಂದ ಹೊರಹಾಕಿದ ಮನುಷ್ಯನ ಮೇಲೆ ಸೇಡು ತೀರಿಸಿಕೊಳ್ಳಲು ಅವಕಾಶ ತಾನಾಗಿ ಬಂದಿದೆ. ಇನ್ನೊಂದು ಕಡೆ ತನಗೆ ಅನ್ನ ಹಾಕಿದ ಅರಮನೆಯ ಅಧಿಕಾರಿಗಳೇ ಸಾಕ್ಷಿ ಕೇಳುತ್ತಿದ್ದಾರೆ. ಹೇಳಬೇಕಾದದ್ದು ಒಂದೇ ಒಂದು ಸುಳ್ಳು. ಭಾವುರಾವ ಹೇಳಲಿಲ್ಲ. ಅವರನ್ನು ಜೈಲಿನಲ್ಲಿಟ್ಟು ಹಿಂಸೆ ಕೊಟ್ಟರು. ಸುಳ್ಳು ಸಾಕ್ಷಿ ಹೇಳುವುದಕ್ಕಿಂತ ಸಾವೇ ಮೇಲೆಂದು ಅವರು ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದರು. ಕಡೆಗೆ ಬಿಡುಗಡೆಯಾಯಿತು. ಲಠ್ಠೆ ಕೊಲ್ಹಾಪುರ ಬಿಟ್ಟು ಬೆಳಗಾವಿಯಲ್ಲಿ ವಕೀಲಿ ನಡೆಸಿದರು.

ಮುಂದೆ ಇವರಲ್ಲಿ ಯಾರೂ ಹಳೆಯ ಹಗೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲ ಎಂಬುದು ಈ ಕಥೆಯ ದೊಡ್ಡ ಮಾತು. ಲಠ್ಠೆ ಅವರು 1924ರಲ್ಲಿ ಶಾಹು ಮಹಾರಾಜರ ಜೀವನಚರಿತ್ರೆ ಬರೆದರು. ಅನಂತರ ಕೊಲ್ಹಾಪುರದ ದಿವಾನರೂ ಆದರು, 1937ರಿಂದ 1939ರವರೆಗೆ ಮುಂಬಯಿ ಪ್ರಾಂತದ ಹಣಕಾಸು ಮಂತ್ರಿಯೂ ಆದರು. ಭಾವುರಾವ ಅವರಂತೂ ತಾವು ಕಟ್ಟಿದ ದೊಡ್ಡ ಬೋರ್ಡಿಂಗಿಗೆ ಶಾಹು ಮಹಾರಾಜರ ಹೆಸರನ್ನೇ ಉಳಿಸಿಕೊಂಡರು.

ನೇಗಿಲು ಮಾರುವವರ ತಿರುಗಾಟ

ಜೈಲಿನಿಂದ ಬಂದ ಮೇಲೆ ಹೊಟ್ಟೆಪಾಡು ನೋಡಬೇಕಿತ್ತು. ಸಾತಾರಾದಲ್ಲಿ ಮನೆಪಾಠ ಹೇಳಿ ಪಾಟೀಲ ಮಾಸ್ತರ ಎನಿಸಿಕೊಂಡರು. ಓಗಲೆಯವರ ಗಾಜಿನ ಕಾರ್ಖಾನೆಗೆ ದುಡಿದರು. ಕಿರ್ಲೋಸ್ಕರ ಕಂಪನಿಯ ಕಬ್ಬಿಣದ ನೇಗಿಲು ಮಾರುವ ಕೆಲಸ ಹಿಡಿದು ಹಳ್ಳಿ ಹಳ್ಳಿ ತಿರುಗಿದರು. ಮುಂದೆ ಸಾತಾರಾದ ಕೂಪರ್ ಕಾರ್ಖಾನೆಯ ಜೊತೆಗೂ ಕೆಲಸ ಮಾಡಿದರು.

ಕಬ್ಬಿಣದ ನೇಗಿಲನ್ನು ಒಕ್ಕಲಿಗರು ಮೊದಮೊದಲು ನಂಬುತ್ತಿರಲಿಲ್ಲ. ಹೊಲದಲ್ಲಿ ಹೂಡಿ ತೋರಿಸಬೇಕು, ಊರಲ್ಲಿ ಉಳಿಯಬೇಕು, ಮಾತಾಡಬೇಕು. ಹಾಗೆ ತಿರುಗುವಾಗ ಭಾವುರಾವ ಅವರಿಗೆ ಹಳ್ಳಿಯ ಒಳಗು ಕಾಣಿಸಿತು. ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವ ರೈತ, ಓದಲು ಬಾರದೆ ಹೊಲ ಕಳೆದುಕೊಂಡ ಕುಟುಂಬ, ದನ ಕಾಯುವ ಜಾಣ ಹುಡುಗರು. ಶಾಲೆ ಹಳ್ಳಿಗೆ ಬರದ ಹೊರತು ಈ ಜನ ಏಳಲಾರರು ಎಂಬುದು ಅವರಿಗೆ ಖಚಿತವಾಯಿತು.

ಅದಕ್ಕೆ ಮೊದಲೇ, 1910ರಲ್ಲಿ, ಗೆಳೆಯರೊಂದಿಗೆ ಸೇರಿ ದೂಧಗಾವದಲ್ಲಿ ಒಂದು ವಿದ್ಯಾರ್ಥಿ ಆಶ್ರಮ ನಡೆಸಿದ ಅನುಭವ ಅವರಿಗಿತ್ತು. ಮಹಾತ್ಮಾ ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ವಿಚಾರ ಅವರನ್ನು ಹಿಡಿದಿತ್ತು. 1919ರ ಅಕ್ಟೋಬರ್ 4ರಂದು ಕರಾಡ ಬಳಿಯ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟಿತು. ರಯತ ಎಂದರೆ ನಮ್ಮ ರೈತ ಶಬ್ದವೇ. ಹೊಲದವನು ಎಂಬುದಷ್ಟೇ ಅದರ ಅರ್ಥವಲ್ಲ. ಅರಸನಲ್ಲದ, ಅಧಿಕಾರಿಯಲ್ಲದ ಸಾಮಾನ್ಯ ಜನ ಎಂದೂ ಆಗುತ್ತದೆ. 1924ರಲ್ಲಿ ಸಂಸ್ಥೆಯ ಕೇಂದ್ರ ಸಾತಾರಾಕ್ಕೆ ಬಂತು.

ಎಲ್ಲರಿಗೂ ಒಂದೇ ಒಲೆ

ಸಾತಾರಾದಲ್ಲಿ ಭಾವುರಾವ ತೆರೆದ ಬೋರ್ಡಿಂಗಿಗೆ ಜಾತಿಯ ಹೆಸರಿರಲಿಲ್ಲ. ಮರಾಠ, ಮಹಾರ, ಮಾಂಗ, ಜೈನ, ಮುಸಲ್ಮಾನ ಎಲ್ಲ ಹುಡುಗರೂ ಅಲ್ಲಿಯೇ ಇರಬೇಕು. ಅಡಿಗೆ ಒಂದೇ ಒಲೆಯ ಮೇಲೆ. ಊಟ ಒಂದೇ ಪಂಕ್ತಿಯಲ್ಲಿ. ಹಿಟ್ಟು ಕಲಸುವುದು, ನೀರು ತರುವುದು, ಪಾತ್ರೆ ತೊಳೆಯುವುದು ಸರದಿಯ ಮೇಲೆ ಎಲ್ಲರಿಗೂ. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಜಾತಿಗೊಂದು ಬಾಗಿಲು ತೆರೆದಿದ್ದರು. ಆ ಬಾಗಿಲುಗಳ ನಡುವಿನ ಗೋಡೆಯನ್ನು ಭಾವುರಾವ ತೆಗೆದರು. 1908ರಲ್ಲಿ ಸ್ನಾನ ಮಾಡಲು ಒಲ್ಲದ ಹುಡುಗ ಹದಿನಾರು ವರ್ಷಗಳ ಮೇಲೆ ಕೊಟ್ಟ ಉತ್ತರ ಇದು.

1927ರಲ್ಲಿ ಮಹಾತ್ಮಾ ಗಾಂಧಿ ಸಾತಾರಾಕ್ಕೆ ಬಂದಾಗ ಈ ಬೋರ್ಡಿಂಗ್ ನೋಡಿದರು. ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಇರುವುದನ್ನು ಕಂಡು ಮೆಚ್ಚಿದರು. ಅವರ ಹಸ್ತದಿಂದಲೇ ಅದಕ್ಕೆ ಛತ್ರಪತಿ ಶಾಹು ಬೋರ್ಡಿಂಗ್ ಹೌಸ್ ಎಂದು ಹೆಸರಾಯಿತು. ಸಾತಾರಾದ ಧನಿಣೀಚಿ ಬಾಗ ಎಂಬ ತೋಟದ ಜಾಗದಲ್ಲಿ ಈ ಬೋರ್ಡಿಂಗ್ ಬೆಳೆಯಿತು. 1932ರಲ್ಲಿ ಗಾಂಧೀಜಿ ಮತ್ತು ಡಾ. ಅಂಬೇಡ್ಕರ್ ನಡುವೆ ಪುಣೆ ಒಪ್ಪಂದವಾದಾಗ ಅದರ ನೆನಪಿಗೆ ಪುಣೆಯಲ್ಲಿ ಯೂನಿಯನ್ ಬೋರ್ಡಿಂಗ್ ಆರಂಭವಾಯಿತು.

ಲಕ್ಷ್ಮೀಬಾಯಿ ಅವರ ಮಂಗಳಸೂತ್ರ

ಬೋರ್ಡಿಂಗ್ ಎಂದರೆ ಮುಖ್ಯವಾಗಿ ಊಟದ ಲೆಕ್ಕ. ಸರಕಾರದ ನೆರವು ಕಡಿಮೆ, ಮಕ್ಕಳು ಹೆಚ್ಚು. ಭಾವುರಾವ ದೇಣಿಗೆಗಾಗಿ ಊರೂರು ತಿರುಗುತ್ತಿದ್ದರೆ ಮಕ್ಕಳನ್ನು ನೋಡಿಕೊಂಡವರು ಪತ್ನಿ ಲಕ್ಷ್ಮೀಬಾಯಿ. ಜೈನ ಸಂಪ್ರದಾಯದ ಅನುಕೂಲಸ್ಥರ ಮನೆಯಲ್ಲಿ ಬೆಳೆದ ಹೆಣ್ಣುಮಗಳು ಅವರು. ಮಡಿ ಮೈಲಿಗೆಯ ನಡುವೆ ಬೆಳೆದವರು ಎಲ್ಲ ಜಾತಿಯ ಮಕ್ಕಳಿಗೆ ತಾಯಿಯಾಗುವುದು ಸುಲಭದ ಮಾತಲ್ಲ. ಆದರೂ ಆದರು. ಜ್ವರ ಬಂದ ಹುಡುಗನ ಹಾಸಿಗೆಯ ಪಕ್ಕ ಕುಳಿತರು, ತಲೆಗೆ ಎಣ್ಣೆ ಹಚ್ಚಿದರು.

ಕಾಳು ತೀರಿದಾಗ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನು ಒಂದೊಂದಾಗಿ ಮಾರಿದರು. ಒಮ್ಮೆ ಗಂಡ ಊರಲ್ಲಿಲ್ಲ, ಮಕ್ಕಳಿಗೆ ಊಟವಿಲ್ಲ, ಮಾರಲು ಬೇರೇನೂ ಉಳಿದಿಲ್ಲ. ಆಗ ಕೊರಳ ಮಂಗಳಸೂತ್ರವನ್ನೇ ಕೊಟ್ಟು ಕಾಳು ತರಿಸಿದರು. ಮುತ್ತೈದೆ ಮಂಗಳಸೂತ್ರ ತೆಗೆಯುವುದೆಂದರೆ ಏನೆಂದು ನಮ್ಮ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. 1930ರಲ್ಲಿ ಲಕ್ಷ್ಮೀಬಾಯಿ ತೀರಿಕೊಂಡರು. ರಯತ ಶಿಕ್ಷಣ ಸಂಸ್ಥೆ ಮುಂದೆ ಆಲದ ಮರವಾಗಿ ಬೆಳೆದದ್ದನ್ನು ನೋಡಲು ಅವರು ಉಳಿಯಲಿಲ್ಲ.

ಹಳ್ಳಿಯ ಹೆಂಗಸರು ಕೂಡ ಸಂಸ್ಥೆಗೆ ಆಧಾರವಾದರು. ಬೀಸುವಾಗ ದಿನಕ್ಕೊಂದು ಹಿಡಿ ಕಾಳು ತೆಗೆದಿಡುವ ಮುಷ್ಟಿ ಫಂಡ್ ಎಂಬ ಪದ್ಧತಿ ಬೆಳೆಯಿತು. ಒಬ್ಬ ಶ್ರೀಮಂತನ ಸಾವಿರ ರೂಪಾಯಿಗಿಂತ ಸಾವಿರ ಮನೆಯ ಒಂದೊಂದು ಹಿಡಿ ಕಾಳು ದೊಡ್ಡದು. ಏಕೆಂದರೆ ಕಾಳು ಕೊಟ್ಟ ಮನೆಗೆ ಶಾಲೆ ನಮ್ಮದು ಎನಿಸುತ್ತದೆ.

ದುಡಿ, ಕಲಿ

ಪುಕ್ಕಟೆ ಕಲಿತದ್ದಕ್ಕೆ ಬೆಲೆಯಿಲ್ಲ, ಹಣ ಕೊಟ್ಟು ಕಲಿಯಲು ಬಡವನಲ್ಲಿ ಹಣವಿಲ್ಲ. ಇದಕ್ಕೆ ಭಾವುರಾವ ಕಂಡ ದಾರಿ ದುಡಿದು ಕಲಿಯುವುದು. ಹುಡುಗರು ಹೊಲದಲ್ಲಿ ದುಡಿದರು, ಕಲ್ಲು ಹೊತ್ತರು, ಬಾವಿ ತೋಡಿದರು, ತಮ್ಮ ಶಾಲೆಯ ಕಟ್ಟಡಕ್ಕೆ ತಾವೇ ಕೈ ಹಚ್ಚಿದರು. ಸ್ವಾವಲಂಬಿ ಶಿಕ್ಷಣವೇ ಸಂಸ್ಥೆಯ ಧ್ಯೇಯವಾಯಿತು, ಆಲದ ಮರ ಅದರ ಚಿಹ್ನೆಯಾಯಿತು.

ಹಳ್ಳಿಯ ಶಾಲೆಗೆ ಮಾಸ್ತರರು ಬೇಕೆಂದು 1935ರಲ್ಲಿ ಶಿಕ್ಷಕರ ತರಬೇತಿ ಕಾಲೇಜು ಆರಂಭಿಸಿದರು. ಸರಕಾರಿ ಶಾಲೆ ಇಲ್ಲದ ಸಣ್ಣ ಊರುಗಳಲ್ಲಿ ಸ್ವಯಂಪ್ರೇರಿತ ಶಾಲೆಗಳನ್ನು ತೆರೆಯುತ್ತ ಹೋದರು. ಒಂದು ದಶಕದಲ್ಲಿ ಅವುಗಳ ಸಂಖ್ಯೆ ಐದುನೂರು ದಾಟಿತು. 1940ರಲ್ಲಿ ಬಡೋದೆಯ ಮಹಾರಾಜ ಸಯಾಜಿರಾವ ಅವರ ಹೆಸರಿನಲ್ಲಿ ಸಾತಾರಾದಲ್ಲಿ ಹೈಸ್ಕೂಲು ಬಂತು. ಅಲ್ಲಿಯೂ ದುಡಿದು ಕಲಿಯುವುದೇ ಕ್ರಮ. 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು, 1954ರಲ್ಲಿ ಕರಾಡದಲ್ಲಿ ಸದ್ಗುರು ಗಾಡಗೆ ಮಹಾರಾಜ ಕಾಲೇಜು, 1955ರಲ್ಲಿ ಮೌಲಾನಾ ಆಜಾದ್ ಶಿಕ್ಷಣ ಮಹಾವಿದ್ಯಾಲಯ. ಶಿವಾಜಿ, ಶಾಹು, ಗಾಡಗೆ ಮಹಾರಾಜ, ಆಜಾದ್ ಎಂಬ ಈ ಹೆಸರುಗಳನ್ನು ಒಟ್ಟಿಗೆ ಓದಿದರೆ ಭಾವುರಾವ ಅವರ ಮನಸ್ಸು ಎಂಥದೆಂಬುದು ತಿಳಿಯುತ್ತದೆ. ಮೆಟ್ರಿಕ್ ದಾಟದ ಮನುಷ್ಯ ಕಾಲೇಜುಗಳನ್ನು ಕಟ್ಟಿದರು, ಆದರೆ ಯಾವುದಕ್ಕೂ ತಮ್ಮ ಹೆಸರು ಇಡಲಿಲ್ಲ.

ಅಮೆರಿಕದ ಒಂದು ಹೋಲಿಕೆ

ಇದೇ ಬಗೆಯ ಪ್ರಯತ್ನ ಇನ್ನೊಂದು ಖಂಡದಲ್ಲಿಯೂ ನಡೆದಿತ್ತು. ಅಮೆರಿಕದಲ್ಲಿ ಗುಲಾಮಗಿರಿ ರದ್ದಾದ ಮೇಲೂ ಕಪ್ಪು ಜನರ ಮಕ್ಕಳಿಗೆ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಕಾಲೇಜಿನ ಬಾಗಿಲು ಮುಚ್ಚಿತ್ತು. ಅವರಿಗಾಗಿ ಬೇರೆ ಕಾಲೇಜುಗಳು ಹುಟ್ಟಿಕೊಂಡವು. 1881ರಲ್ಲಿ ಅಲಬಾಮಾ ರಾಜ್ಯದ ಟಸ್ಕೆಗೀ ಎಂಬಲ್ಲಿ ಬುಕರ್ ಟಿ. ವಾಷಿಂಗ್ಟನ್ ಅಂಥದೊಂದು ಸಂಸ್ಥೆಯ ಮುಖ್ಯಸ್ಥರಾದರು. ಅಲ್ಲಿ ವಿದ್ಯಾರ್ಥಿಗಳೇ ಇಟ್ಟಿಗೆ ಸುಟ್ಟು ಕಟ್ಟಡ ಎಬ್ಬಿಸಿದರು. ಗುಲಾಮಗಿರಿಯಲ್ಲಿ ಹುಟ್ಟಿದ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1896ರಲ್ಲಿ ಅಲ್ಲಿಗೆ ಬಂದು ಶೇಂಗಾ ಮತ್ತು ಗೆಣಸಿನ ಮೇಲೆ ಪ್ರಯೋಗ ನಡೆಸಿ ಬಡ ರೈತರಿಗೆ ಮಣ್ಣಿನ ರಸಾಯನ ತಿಳಿಸಿಕೊಟ್ಟರು.

ಈ ಎರಡು ನಾಡುಗಳ ನಡುವಿನ ನಂಟನ್ನು ಮೊದಲು ಕಂಡವರು ಫುಲೆಯವರು. 1873ರಲ್ಲಿ ಬರೆದ ಗುಲಾಮಗಿರಿ ಎಂಬ ಪುಸ್ತಕವನ್ನು ಅವರು ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. ಫುಲೆಯವರ ದಾರಿಯಲ್ಲಿ ನಡೆದ ಭಾವುರಾವ ಸಾತಾರಾದಲ್ಲಿ ಮಾಡಿದ್ದು ಅದೇ ಜಾತಿಯ ಕೆಲಸ. ಒಂದು ವ್ಯತ್ಯಾಸವಿದೆ. ಅಲ್ಲಿ ಹೊರಗಿಟ್ಟವರಿಗೆ ಬೇರೆ ಮನೆ ಕಟ್ಟಬೇಕಾಯಿತು. ಇಲ್ಲಿ ಭಾವುರಾವ ಹೊರಗಿಟ್ಟವರನ್ನೂ ಒಳಗಿದ್ದವರನ್ನೂ ಒಂದೇ ಸೂರಿನ ಕೆಳಗೆ ಕೂಡಿಸಿದರು.

ಅನುದಾನ ನಿಂತಾಗ

1948ರಲ್ಲಿ ಗಾಂಧೀಜಿ ಹತ್ಯೆಯಾಯಿತು. ಅವರ ನೆನಪಿಗೆ ನೂರಾ ಒಂದು ಹೈಸ್ಕೂಲು ತೆರೆಯುವುದಾಗಿ ಭಾವುರಾವ ಸಂಕಲ್ಪ ಮಾಡಿದರು. ಅದೇ ವರ್ಷ ಮುಂಬಯಿ ಸರಕಾರದೊಂದಿಗೆ ವಿರಸ ಬಂದು ಸಂಸ್ಥೆಯ ಅನುದಾನ ನಿಂತುಹೋಯಿತು. ಶಾಲೆಗಳು ಮುಚ್ಚುವ ಹಂತಕ್ಕೆ ಬಂದವು. ಆಗ ಜನ ಕೈಬಿಡಲಿಲ್ಲ. ಪೊರಕೆ ಹಿಡಿದು ಊರು ಗುಡಿಸುತ್ತ ಕೀರ್ತನೆ ಮಾಡುತ್ತಿದ್ದ ಸಂತ ಗಾಡಗೆ ಮಹಾರಾಜರು ಬೆನ್ನಿಗೆ ನಿಂತರು. ಮುಂದೆ ಅನುದಾನ ಮತ್ತೆ ಸಿಕ್ಕಿತು. ಕರಾಡದ ಕಾಲೇಜಿಗೆ ಗಾಡಗೆ ಮಹಾರಾಜರ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಮಕ್ಕಳೇ ಸಂಪತ್ತು

ಬೋರ್ಡಿಂಗಿನಲ್ಲಿ ಬೆಳೆದ ಹುಡುಗರು ದೊಡ್ಡವರಾದರು. ಅವರಲ್ಲಿ ಒಬ್ಬರು ಪಿ. ಜಿ. ಪಾಟೀಲ. ಬಡ ಮನೆಯ ಈ ಹುಡುಗ ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದರು. ದುಡ್ಡಿನ ದಾರಿ ಹಿಡಿಯದೆ ಸಾತಾರಾದಲ್ಲಿ ಸಂಸ್ಥೆಯ ಕಾಲೇಜಿನ ಪ್ರಾಂಶುಪಾಲರಾದರು. 1970ರ ದಶಕದಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಉಪಕುಲಪತಿ ಸ್ಥಾನಕ್ಕೂ ಏರಿದರು. ಗುರು ಬೋರ್ಡಿಂಗಿನಿಂದ ಹೊರಬಿದ್ದ ಊರಿನಲ್ಲಿಯೇ ಶಿಷ್ಯ ವಿಶ್ವವಿದ್ಯಾಲಯದ ಹೊಣೆ ಹೊತ್ತರು.

1959ರಲ್ಲಿ ಭಾರತ ಸರಕಾರ ಭಾವುರಾವ ಅವರಿಗೆ ಪದ್ಮಭೂಷಣ ನೀಡಿತು. ಅದೇ ವರ್ಷ ಪುಣೆ ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ಪದವಿ ಕೊಟ್ಟಿತು. ಆಗ ಅವರ ಆರೋಗ್ಯ ಕೆಟ್ಟಿತ್ತು. 1959ರ ಮೇ 9ರಂದು ಪುಣೆಯಲ್ಲಿ ನಿಧನ ಹೊಂದಿದರು. ಅವರ ಸಮಾಧಿ ಸಾತಾರಾದಲ್ಲಿದೆ. 1988ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು.

ಇಂದು ರಯತ ಶಿಕ್ಷಣ ಸಂಸ್ಥೆಗೆ ಏಳುನೂರಕ್ಕೂ ಹೆಚ್ಚು ಶಾಖೆಗಳಿವೆ. 2021ರಲ್ಲಿ ಸಾತಾರಾದ ಮೂರು ಕಾಲೇಜುಗಳನ್ನು ಕೂಡಿಸಿ ಕರ್ಮವೀರ ಭಾವುರಾವ ಪಾಟೀಲ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಬದುಕಿದ್ದಾಗ ಹೆಸರು ಇಟ್ಟುಕೊಳ್ಳದ ಮನುಷ್ಯನ ಹೆಸರು ಈಗ ವಿಶ್ವವಿದ್ಯಾಲಯಕ್ಕೇ ಬಂದಿದೆ.

ಕುಂಭೋಜ ಕುರುಂದವಾಡದಿಂದ ದೂರವೇನಲ್ಲ. ಬಾಹುಬಲಿ ಬೆಟ್ಟಕ್ಕೆ ಹೋಗುವವರು ಆ ಊರನ್ನೂ ಕಂಡು ಬರಬಹುದು. ಈ ಭಾಗದ ಶಾಲೆಗಳಲ್ಲಿ ಇಂದು ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಕುಳಿತು ಮಧ್ಯಾಹ್ನದ ಊಟ ಮಾಡುತ್ತಾರೆ. ಯಾರಿಗೂ ಅದು ವಿಶೇಷ ಎನಿಸುವುದಿಲ್ಲ. ಆದರೆ ಹಾಗೆ ಊಟಕ್ಕೆ ಕೂಡ್ರುವ ಹಕ್ಕಿಗಾಗಿ ಒಂದು ಕಾಲದಲ್ಲಿ ಒಬ್ಬ ಹುಡುಗ ತನ್ನ ಊಟವನ್ನೇ ಬಿಟ್ಟುಕೊಟ್ಟಿದ್ದ ಎಂಬುದನ್ನು ಮಕ್ಕಳಿಗೆ ಹೇಳಬೇಕು.